ಹದಿನಾಲ್ಕು ಉಸಿರು, ಒಂದು ನಿಟ್ಟುಸಿರು

ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಥೆಲ್ಮಾ ಪಾಸ್ಕೊ ತಾನು ಇವತ್ತು ಮೊಟ್ಟೆ ಬೇಯಿಸುವುದಿಲ್ಲವೆಂದು ತೀರ್ಮಾನಿಸಿದಳು. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ನಲವತ್ತೈದು ವರ್ಷಗಳ ವೃತ್ತಿಯಲ್ಲಿ, ಮದುವೆಯಾದ ದಿನ, ಮದುವೆ ಮುರಿದ ದಿನ, ತಾಯಿ ತೀರಿಕೊಂಡ ಮರುದಿನ ಮಧ್ಯಾಹ್ನದ ಆಟವಿದ್ದಾಗಲೂ ಅವಳು ಒಂದು ಬೆಂದ ಮೊಟ್ಟೆ, ಎರಡು ತುಂಡು ಸುಟ್ಟ ಬ್ರೆಡ್ಡು ತಿನ್ನದೆ ಕೆಲಸಕ್ಕೆ ಹೊರಟವಳಲ್ಲ. ಧ್ವನಿಯ ಕೆಲಸ ಕಲಿಯಲು ಬರುತ್ತಿದ್ದ ಹುಡುಗಿಯರಿಗೆ ಅವಳ ಮೊದಲ ಪಾಠವೂ ಅದೇ: ರಂಗದ ಮೇಲೆ ಹಸಿದುಕೊಂಡು ನಿಂತರೆ ಕೇಳುವವರಿಲ್ಲ, ಮೈಕು ಮಾತ್ರ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ಅದಕ್ಕೆ ನಿಮ್ಮ ಹೊಟ್ಟೆಯೂ ಒಂದು ಪಾತ್ರವೇ. ಹಾಲು ಬೇಡ, ಚೀಸ್ ಬೇಡ, ಹೊಟ್ಟೆ ತುಂಬಿದ ಮೇಲೆ ಬಾಯಿಯ ಅಂಟು ಹೋಗುವುದಕ್ಕೆ ಹಸಿರು ಸೇಬಿನ ಎರಡು ಕಡಿತ. ಖಾಲಿ ಹೊಟ್ಟೆಗೆ ಮಾತ್ರ ಸೇಬು ಬೀಳಕೂಡದು. ಇಷ್ಟೆಲ್ಲ ತಿಳಿದವಳು ಒಲೆಯ ಮುಂದೆ ನಿಂತು, ನೀರು ತುಂಬಿದ ಸಣ್ಣ ಪಾತ್ರೆಯನ್ನು ನೋಡಿ, ಮಾತೇ ಇಲ್ಲದವಳಿಗೆ ತಿಂಡಿ ಯಾಕೆ ಎಂದುಕೊಂಡಳು. ಒಂದು ರೀತಿಯಲ್ಲಿ ಅದು ಪ್ರತಿಭಟನೆ. ಯಾರ ವಿರುದ್ಧವೆಂಬುದು ಸ್ಪಷ್ಟವಿರಲಿಲ್ಲ. ಮೊಟ್ಟೆಯ ವಿರುದ್ಧವಂತೂ ಅಲ್ಲ. ನೀರನ್ನು ಸಿಂಕಿಗೆ ಸುರಿದು, ಅಭ್ಯಾಸಬಲದಿಂದ ಒಂದು ಹಸಿರು ಸೇಬನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಏಜೆಂಟ್ ಫೋನು ಮಾಡಿದ್ದು ಮೂರು ವಾರದ ಹಿಂದೆ. ರೇಡಿಯೋ ನಾಟಕ, ಮುಕ್ಕಾಲು ಗಂಟೆಯದು, ಎರಡೇ ಪಾತ್ರ, ಅಕ್ಕ ಎನಿಡ್, ತಂಗಿ ಫ್ಲೋರಾ, ನಿಮಗೆ ಫ್ಲೋರಾ ಎಂದು ಉತ್ಸಾಹದಿಂದ ಹೇಳಿ, ಒಂದು ಸಣ್ಣ ಕೆಮ್ಮು ಕೆಮ್ಮಿ, ಫ್ಲೋರಾಗೆ ಪಾರ್ಶ್ವವಾಯು ಬಡಿದಿದೆ, ಮಾತಾಡುವುದಿಲ್ಲ ಎಂದಿದ್ದ. ಒಂದೂ ಮಾತಿಲ್ಲವೇ ಎಂದು ಇವಳು ಕೇಳಿದಳು. ಉಸಿರಾಡುತ್ತಾಳೆ ಎಂದ. ರೇಡಿಯೋದಲ್ಲಿ ಮಾತಾಡದವಳು ಇಲ್ಲವೇ ಇಲ್ಲ ಎಂದಾಗುತ್ತದಲ್ಲ, ಆದ್ದರಿಂದ ಯಾರಾದರೂ ಉಸಿರಾಡಲೇಬೇಕು, ಅದಕ್ಕೆ ಬಹಳ ಒಳ್ಳೆಯ ನಟಿಯೇ ಬೇಕೆಂದು ನಿರ್ದೇಶಕಿ ಹಟ ಹಿಡಿದಿದ್ದಾಳೆ ಎಂದ. ಹೊಗಳಿಕೆ ಯಾವುದು, ಸಾಂತ್ವನ ಯಾವುದು ಎಂದು ಬೇರ್ಪಡಿಸುವ ವಯಸ್ಸನ್ನು ಥೆಲ್ಮಾ ದಾಟಿದ್ದಳು, ಅರವತ್ತೆಂಟು. ಒಪ್ಪಿಕೊಂಡ ಮೇಲೆ, ಅಂದಹಾಗೆ ಎನಿಡ್ ಪಾತ್ರಕ್ಕೆ ಡಿಲಿಸ್ ಪ್ರೋಥರೊ, ನಿಮ್ಮನ್ನೇ ಹಾಕಿಕೊಳ್ಳಿ ಅಂತ ಅವರೇ ಕೇಳಿದರಂತೆ ಎಂದು ಫೋನಿಟ್ಟ. ಆ ಹೆಸರು ಕೇಳಿದ ಮೇಲೆ ಥೆಲ್ಮಾ ಬಹಳ ಹೊತ್ತು ಅಡುಗೆಮನೆಯಲ್ಲಿ ಒಣಗಿದ ತಟ್ಟೆಗಳನ್ನು ಒರೆಸುತ್ತ ನಿಂತಿದ್ದಳು.

ಸ್ಕ್ರಿಪ್ಟ್ ಬಂದಾಗ, ನಲವತ್ತೈದು ವರ್ಷ ಮಾಡಿದಂತೆ, ತನ್ನ ಪಾಲಿನದಕ್ಕೆಲ್ಲ ಹಳದಿ ಬಣ್ಣ ಬಳಿದಳು. ಹದಿನಾಲ್ಕು ಉಸಿರು, ಒಂದು ನಿಟ್ಟುಸಿರು. ಎಲ್ಲವೂ ಕೊನೆಯ ದೃಶ್ಯದಲ್ಲೇ. ಉಸಿರುಗಳಲ್ಲಿ ಐದು ಮೂಗಿನಲ್ಲಿ, ಏಳು ಬಾಯಿಯಲ್ಲಿ. ಎರಡರ ಬಗ್ಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಇವತ್ತು ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತು ಹನ್ನೊಂದನೆಯ ಉಸಿರನ್ನು ತಾಲೀಮು ಮಾಡುತ್ತಿರುವಾಗ, ಅಂದರೆ ಅಕ್ಕ ಪತ್ರಗಳ ಕಟ್ಟನ್ನು ಬಿಚ್ಚಿದಾಗ ತಂಗಿಯ ಉಸಿರು ಅರ್ಧಕ್ಕೆ ನಿಂತು ಮತ್ತೆ ಶುರುವಾಗುವಲ್ಲಿ, ಪಕ್ಕದ ಹೆಂಗಸು ಅವಳ ಮೊಣಕೈ ಮುಟ್ಟಿ, ಆಂಬುಲೆನ್ಸ್ ಕರೆಸಲಾ ಎಂದಳು. ಬೇಡ, ನಾನು ನಟಿ ಎಂದಳು ಥೆಲ್ಮಾ. ಆ ಹೆಂಗಸು ಅವಳನ್ನು ದಿಟ್ಟಿಸಿ, ಮುಖ ಎಲ್ಲೋ ನೋಡಿದ ಹಾಗಿದೆ, ನಮ್ಮ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದೀರಾ ಎಂದು ಕೇಳಿದಳು. ಜನ ಅವಳ ಮುಖವನ್ನು ಹೀಗೆ ಎಲ್ಲೆಲ್ಲೋ ನೋಡಿದ್ದರು. ಟೆಲಿವಿಷನ್ನಿನಲ್ಲಿ ಆರು ವರ್ಷ ಏಣಿ ಸಾಲ ಕೇಳಲು ಬರುವ ಪಕ್ಕದ ಮನೆಯವಳಾಗಿದ್ದಳು. ಒಂದೇ ಒಂದು ಸಿನಿಮಾದಲ್ಲಿ ನರ್ಸಾಗಿ ಬಾಗಿಲು ತೆರೆದಿದ್ದಳು. ಕೊನೆಗೆ ಪರದೆಯ ಮೇಲೆ ಉಳಿದದ್ದು ಬಾಗಿಲು ಮತ್ತು ಅವಳ ಬಲಗೈ. ಆಮೇಲೆ ಹತ್ತೊಂಬತ್ತು ವರ್ಷ ಮಕ್ಕಳ ಕಾರ್ಟೂನಿನಲ್ಲಿ ಕೋಳಿಯಮ್ಮನ ಧ್ವನಿಯಾಗಿ, ಮುಖ ಯಾರಿಗೂ ಬೇಡವಾಗಿ, ಅದರಿಂದ ಬೇಸರಕ್ಕಿಂತ ಆರಾಮವೇ ಹೆಚ್ಚಾಗಿ, ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಾಳಿದಳು. ಈ ಎಲ್ಲದರ ಅಡಿಪಾಯ ಯಾವುದು ಎಂದು ಯಾರಾದರೂ ಸಂದರ್ಶನದಲ್ಲಿ ಕೇಳಿದಾಗ ಶ್ರಮ, ಅದೃಷ್ಟ, ಒಳ್ಳೆಯ ಗುರುಗಳು ಎನ್ನುತ್ತಿದ್ದಳು. ಚಮಚ ಎಂದು ಯಾವತ್ತೂ ಹೇಳಲಿಲ್ಲ.

ಚಮಚ ಸ್ಟೀಲಿನದು, ತುದಿಯಲ್ಲಿ ಸ್ವಲ್ಪ ಬಾಗಿದ್ದು, ಮೋರ್ಕಂಬ್‌ನ ಸಮುದ್ರದ ಪಕ್ಕದ ಥಿಯೇಟರಿನ ಸಾಮಾನಿನ ಪೆಟ್ಟಿಗೆಗೆ ಸೇರಿದ್ದು. ನಲವತ್ತೊಂದು ವರ್ಷದ ಹಿಂದಿನ ಬೇಸಿಗೆ, ವಾರಕ್ಕೊಂದು ಹೊಸ ನಾಟಕ. ಅವಳು ಮತ್ತು ಡಿಲಿಸ್ ಒಂದೇ ಕೋಣೆಯಲ್ಲಿ, ಒಂದೇ ಕನ್ನಡಿಯಲ್ಲಿ, ಒಂದೇ ಜೊತೆ ಕಪ್ಪು ಶೂಗಳಲ್ಲಿ. ಆ ವಾರದ ನಾಟಕದಲ್ಲಿ ಡಿಲಿಸ್ ಮಗನಿಗಾಗಿ ಕಾಯುವ ತಾಯಿ. ಥೆಲ್ಮಾ ನೆರೆಯವಳು, ಪಕ್ಕದಲ್ಲಿ ಕೂತು ಚಹಾ ಕುಡಿಯುವವಳು. ಎರಡನೆಯ ಅಂಕದ ಕೊನೆಗೆ ತಾಯಿ ಕಿಟಕಿಯಿಂದ ತಿರುಗಿ, ‘ಅವನು ಬರೋದಿಲ್ಲ, ಅಲ್ವಾ’ ಎನ್ನಬೇಕು. ಇಷ್ಟೇ ಮಾತು. ಡಿಲಿಸ್ ಅದನ್ನು ಹೇಳುವ ಮುಂಚೆ ಎಷ್ಟು ಹೊತ್ತು ಸುಮ್ಮನಿರುತ್ತಿದ್ದಳೆಂದರೆ ಹೊರಗೆ ಅಲೆಗಳು ಬಂದು ಹೋಗುವುದು ಒಳಗೆ ಕೇಳಿಸುತ್ತಿತ್ತು. ಗುರುವಾರ ಮೂರನೆಯ ಸಾಲಿನಲ್ಲಿ ಲಂಡನ್ನಿನಿಂದ ಬಂದ ಕಂಪನಿಯೊಡೆಯನೊಬ್ಬ ಕೂತಿದ್ದ, ಡಿಲಿಸ್‌ಳನ್ನು ನೋಡಲೆಂದೇ ಬಂದಿದ್ದ, ಅದು ಬಾಗಿಲು ಕಾಯುವವನಿಗೂ ಗೊತ್ತಿತ್ತು. ಡಿಲಿಸ್ ತಿರುಗಿದಳು, ಸುಮ್ಮನೆ ನಿಂತಳು, ‘ಅವನು ಬರೋದಿಲ್ಲ’ ಎಂದಳು, ಮತ್ತು ಥೆಲ್ಮಾ ಕಪ್ಪಿನಲ್ಲಿ ಚಮಚವನ್ನು ಮೂರು ಸುತ್ತು ತಿರುಗಿಸಿದಳು. ಟಿಣ್, ಟಿಣ್, ಟಿಣ್. ಎಂಟುನೂರು ಜನ ಒಟ್ಟಿಗೆ ನಕ್ಕರು. ಅಂಥ ನಗು ಅವಳಿಗೆ ಆಮೇಲೆ ಸಿಗಲೇ ಇಲ್ಲ. ಲಂಡನ್ನಿನವನು ಆಟ ಮುಗಿದ ಮೇಲೆ ಒಳಗೆ ಬಂದು, ಆ ಚಹಾದವಳು ಯಾರು ಎಂದು ಕೇಳಿದ. ಡಿಲಿಸ್ ಬಣ್ಣ ಒರೆಸಿಕೊಳ್ಳುತ್ತ ಕನ್ನಡಿಯಲ್ಲೇ ಅವಳನ್ನು ನೋಡಿದಾಗ, ಚಮಚ ಜಾರಿತು ಕಣೇ ಎಂದಿದ್ದಳು ಥೆಲ್ಮಾ. ನಲವತ್ತೊಂದು ವರ್ಷ ಅದು ಜಾರುತ್ತಲೇ ಇತ್ತು. ಜಾರಿದ ಚಮಚ ಮೂರು ಸುತ್ತು ತಿರುಗುತ್ತದೆಯೇ ಎಂದು ಡಿಲಿಸ್ ಕೇಳಲಿಲ್ಲ. ಕ್ರಿಸ್ಮಸ್ಸಿಗೆ ಕಾರ್ಡು ಕಳಿಸುತ್ತಿದ್ದಳು, ಯಾರದಾದರೂ ಶವಸಂಸ್ಕಾರದಲ್ಲಿ ಸಿಕ್ಕರೆ ಎರಡೂ ಕೆನ್ನೆಗೆ ಮುತ್ತಿಡುತ್ತಿದ್ದಳು. ಈಗ ಇಷ್ಟು ವರ್ಷದ ಮೇಲೆ ಕರೆಸಿ ಬಾಯಿಲ್ಲದ ಪಾತ್ರ ಕೊಡಿಸಿದ್ದಾಳೆ. ಶಿಕ್ಷೆಯೆಂದರೆ ಹೀಗಿರಬೇಕು, ಎಷ್ಟು ಅಚ್ಚುಕಟ್ಟು ಎಂದು ಮೆಚ್ಚುತ್ತಲೇ ಥೆಲ್ಮಾ ಇಳಿಯುವ ಗುಂಡಿ ಒತ್ತಿದಳು.

ಸ್ಟುಡಿಯೋ ಇದ್ದ ಕಟ್ಟಡದ ಲಿಫ್ಟು ಅವಳ ಧ್ವನಿಯಲ್ಲಿ ಮಾತಾಡುತ್ತಿತ್ತು. ಮೂವತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೂತು ‘ಬಾಗಿಲು ತೆರೆಯುತ್ತಿದೆ’, ‘ಬಾಗಿಲು ಮುಚ್ಚುತ್ತಿದೆ’, ‘ದಯವಿಟ್ಟು ದಾರಿ ಬಿಡಿ’ ಎಂದು, ಜೊತೆಗೆ ಮಹಡಿಗಳ ಅಂಕಿಗಳನ್ನೂ ಹೇಳಿ ಬಂದಿದ್ದಳು. ಆ ಧ್ವನಿ ಊರಿನ ಯಾವ ಯಾವ ಕಟ್ಟಡಗಳಲ್ಲಿ ಮೇಲೆ ಕೆಳಗೆ ಓಡಾಡಿಕೊಂಡಿದೆಯೋ ಅವಳಿಗೇ ತಿಳಿಯದು. ಬಾಗಿಲು ಮುಚ್ಚುತ್ತಿದೆ ಎಂದು ಮೂವತ್ತೆಂಟರ ಥೆಲ್ಮಾ ಹೇಳಿದಳು, ಇನ್ನೂ ಏನೇನೋ ಆಗಲಿದೆ ಎಂಬ ಭರವಸೆಯಲ್ಲಿ. ಅರವತ್ತೆಂಟರವಳು ಆ ಕಿರಿಯಳ ಎದುರು ಸ್ವಲ್ಪ ನಾಚಿ, ಕೈಗೆ ಏನಾದರೂ ಕೆಲಸ ಬೇಕಾಗಿ, ಸೇಬು ತೆಗೆದು ಕಚ್ಚಿದಳು. ಎರಡು ಕಡಿತಕ್ಕೆ ನಿಲ್ಲಿಸಬೇಕಿತ್ತು. ಐದನೆಯ ಮಹಡಿ ಬರುವಷ್ಟರಲ್ಲಿ ಕೈಯಲ್ಲಿ ತೊಟ್ಟು ಮಾತ್ರ ಉಳಿದಿತ್ತು.

ನಿರ್ದೇಶಕಿ ಇಮೊಜೆನ್ ಮೂವತ್ತರ ಆಸುಪಾಸಿನವಳು, ಎಲ್ಲರನ್ನೂ ಅಪ್ಪಿಕೊಳ್ಳುವ ಪೈಕಿ. ಅಪ್ಪಿಕೊಂಡು, ನೀವು ನನಗೆ ಕೋಳಿಯಮ್ಮ, ನಿಮ್ಮ ಧ್ವನಿ ಕೇಳಿಕೊಂಡೇ ಊಟ ಮಾಡಿ ಬೆಳೆದವಳು ನಾನು ಎಂದಳು. ಹಾಗೆ ಬೆಳೆದವಳು ಧ್ವನಿಯಿಲ್ಲದ ಪಾತ್ರ ಕೊಟ್ಟಿದ್ದಾಳೆ ಎಂಬುದು ಅವಳಿಗೆ ಹೊಳೆದಂತಿರಲಿಲ್ಲ. ಆಮೇಲೆ ಥೆಲ್ಮಾಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು.

“ಡಿಲಿಸ್ ಅವರಿಗೆ ಗಂಟಲಿನ ಆಪರೇಷನ್ ಆಗಿದೆ, ನಿಮಗೆ ಗೊತ್ತಿರುತ್ತೆ. ದಿನಕ್ಕೆ ಅರ್ಧ ಗಂಟೆ ಧ್ವನಿ ಇರುತ್ತಂತೆ, ಅಷ್ಟೇ. ಉಳಿದಿದ್ದೆಲ್ಲ ದಿನಾ ಸ್ವಲ್ಪ ಸ್ವಲ್ಪ ಮಾಡಿ ಮುಗಿಸಿದೀವಿ. ಇವತ್ತು ಕೊನೇ ದೃಶ್ಯ. ಪತ್ರಗಳದ್ದು. ಅದನ್ನ ಒಂದೇ ಸಲ ಮಾಡ್ತೀನಿ ಅಂದಿದಾರೆ, ಎರಡನೇ ಸಲಕ್ಕೆ ಏನೂ ಉಳಿಯಲ್ಲ. ನಾಳೆಯಿಂದ ಡಾಕ್ಟರು ಮಾತಾಡಲೇಬೇಡಿ ಅಂದಿದಾರಂತೆ.”

ಥೆಲ್ಮಾಗೆ ಗೊತ್ತಿರಲಿಲ್ಲ. ಕ್ರಿಸ್ಮಸ್ ಕಾರ್ಡಿನಲ್ಲಿ ಒಂದು ಕೆಂಪು ಹಕ್ಕಿ ಮತ್ತು ‘ಪ್ರೀತಿಯಿಂದ, ಡಿ.’ ಎಂದು ಮಾತ್ರ ಇತ್ತು. ಒಳಗೆ ಹೋದಾಗ ಡಿಲಿಸ್ ಮೈಕಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು, ಕೊರಳಿಗೆ ನೀಲಿ ರೇಷ್ಮೆಯ ಸ್ಕಾರ್ಫ್, ಮೊದಲಿನದೇ ನೇರ ಬೆನ್ನು. ಮಾತು ಉಳಿಸಬೇಕಾದ್ದರಿಂದ ಕೈಯೆತ್ತಿ ಎರಡು ಬೆರಳಾಡಿಸಿದಳು. ಆ ಎರಡು ಬೆರಳಿನಲ್ಲಿ ಸ್ವಾಗತವಿತ್ತೋ ಎಚ್ಚರಿಕೆಯಿತ್ತೋ ಎಂದು ಥೆಲ್ಮಾ ಯೋಚಿಸುತ್ತಿರುವಾಗ, ಸದ್ದುಗಳನ್ನು ಮಾಡುವ ಕೆನ್, ದೊಗಲೆ ಸ್ವೆಟರಿನ ದೊಡ್ಡ ಮನುಷ್ಯ, ಮೇಜನ್ನು ಎಳೆದು ಅವಳ ಬದಿಗೆ ತಂದಿಟ್ಟ. ಮೇಜಿನ ಮೇಲೆ ಹಳೆಯ ಪತ್ರಗಳ ಕಟ್ಟು, ಬೀಗದ ಕೈ, ತಟ್ಟೆ, ಬ್ರೆಡ್ಡು, ಬೆಣ್ಣೆ ಚಾಕು, ಕಪ್ಪು, ಬಸಿ. ಬಸಿಯ ಮೇಲೆ ಚಮಚ.

“ಈ ಚಮಚ ಇಲ್ಲಿಂದ ತೆಗಿ, ಕೆನ್,” ಎಂದಳು ಥೆಲ್ಮಾ.

“ಅಕ್ಕ ಚಹಾ ಕಲಕೋದಿದೆಯಲ್ಲ ಮೂರನೇ ಪುಟದಲ್ಲಿ.”

“ಅಲ್ಲಿಂದ ಕಲಕು. ನನ್ನ ಕೈಗೆ ಸಿಗದ ಹಾಗೆ ಇಟ್ಕೊ.”

ಕೆನ್ ಈ ಕೆಲಸದಲ್ಲಿ ಬಹಳ ಕಾಲದಿಂದ ಇದ್ದವನು. ನಟರು ಧ್ವನಿಮುದ್ರಣದ ಮುಂಚೆ ಏನು ಹೇಳಿದರೂ ಕೇಳಿಬಿಡಬೇಕೆಂದು ತಿಳಿದವನು. ಚಮಚವನ್ನು ಮೇಜಿನ ಆಚೆ ತುದಿಗೆ ಸರಿಸಿದ. ಡಿಲಿಸ್ ಇದನ್ನು ನೋಡಿದಳು. ಅವಳ ತುಟಿಯ ಎಡಮೂಲೆ ಒಂದು ಕೂದಲೆಳೆಯಷ್ಟು ಅಲುಗಿತು, ಅಥವಾ ಅಲುಗಲಿಲ್ಲ. ಥೆಲ್ಮಾ ತನ್ನ ಹಾಳೆಗಳ ಪಿನ್ನು ಕಿತ್ತು, ಸದ್ದಾಗದಂತೆ ಒಂದೊಂದನ್ನೇ ಬಿಡಿಸಿಕೊಂಡು, ಮೈಕಿನ ಮುಂದೆ ನಿಂತಳು. ಈಗ ತನ್ನ ಕೈಯಲ್ಲಿ ಕಾಗದ ಬಿಟ್ಟು ಬೇರೇನೂ ಇಲ್ಲವೆಂದು ಅವಳಿಗೆ ದೊಡ್ಡ ನೆಮ್ಮದಿಯಾಯಿತು. ಈ ಸಲ ತಾನು ಏನನ್ನೂ ಹಾಳುಮಾಡಲಾರಳು. ಎಂಟು ನಿಮಿಷ ಸುಮ್ಮನೆ ಉಸಿರಾಡುವುದು, ಅದನ್ನು ಎಂಥವರೂ ಮಾಡುತ್ತಾರೆ, ನಿದ್ದೆಯಲ್ಲೂ ಮಾಡುತ್ತಾರೆ. ಧ್ವನಿಮುದ್ರಣ ಶುರುವಾಯಿತೆಂದು ಹಸಿರು ದೀಪ ಹತ್ತಿತು.

ಡಿಲಿಸ್‌ಳ ಧ್ವನಿ ಹಳೆಯದರ ಕಾಲುಭಾಗವೂ ಇರಲಿಲ್ಲ. ಆದರೆ ಆ ಕಾಲುಭಾಗವನ್ನು ಅವಳು ಹೇಗೆ ಹರವಿದಳೆಂದರೆ ಥೆಲ್ಮಾ ತನ್ನ ಎರಡನೆಯ ಉಸಿರನ್ನು ಇನ್ನೇನು ಮರೆತೇಬಿಡುವುದರಲ್ಲಿದ್ದಳು. ಅಕ್ಕ ಹೇಳುತ್ತಿದ್ದಾಳೆ: ಈ ಪತ್ರಗಳು ನಿನಗೆ ಬಂದವು, ಮೂವತ್ತು ವರ್ಷದ ಹಿಂದೆ, ಅವನು ಬರೆದದ್ದು, ನಾನು ಬಾಗಿಲಲ್ಲೇ ತೆಗೆದುಕೊಂಡು ಬಚ್ಚಿಟ್ಟೆ, ನೀನು ಹೊರಟುಹೋದರೆ ನನಗೆ ಯಾರಿದ್ದರು. ಐದನೆಯ ಉಸಿರು ಮೂಗಿನಲ್ಲಿ. ತಪ್ಪೊಪ್ಪಿಕೊಳ್ಳುವ ಮಾತೆಲ್ಲ ಡಿಲಿಸ್‌ಳ ಬಾಯಲ್ಲಿ, ಕ್ಷಮಿಸುವ ಹಕ್ಕೆಲ್ಲ ತನ್ನ ಮೂಗಿನಲ್ಲಿ. ಬರೆದವನಿಗೆ ಗೊತ್ತಿದ್ದರೆ ಪಾತ್ರ ಅದಲುಬದಲು ಮಾಡುತ್ತಿದ್ದ. ಅಥವಾ ಡಿಲಿಸ್ ಗೊತ್ತಿದ್ದೇ ಹೀಗೆ ಮಾಡಿಸಿದ್ದಾಳೆ, ನೋಡು, ತಪ್ಪನ್ನು ಹೇಳಿಕೊಳ್ಳುವುದೆಂದರೆ ಹೀಗೆ ಎಂದು ಹತ್ತಿರ ನಿಲ್ಲಿಸಿಕೊಂಡು ತೋರಿಸುತ್ತಿದ್ದಾಳೆ. ಒಂಬತ್ತನೆಯದು, ಹತ್ತನೆಯದು. ಕೆನ್ ಪತ್ರಗಳ ದಾರ ಬಿಚ್ಚಿದ. ಹನ್ನೊಂದನೆಯದು ಬಸ್ಸಿನಲ್ಲಿ ಬಂದುದಕ್ಕಿಂತ ಚೆನ್ನಾಗಿ ಬಂತು, ಯಾಕೆಂದರೆ ಅದು ನಟನೆಯಾಗಿರಲಿಲ್ಲ, ಡಿಲಿಸ್‌ಳ ಧ್ವನಿ ಒಂದು ಪದದ ನಡುವೆ ಬಟ್ಟೆ ಹರಿದಂತೆ ಹರಿದು ಅವಳು ಅದನ್ನು ಹಾಗೇ ಬಿಟ್ಟು ಮುಂದೆ ಹೋಗಿದ್ದಳು. ಹದಿನಾಲ್ಕು. ನಿಟ್ಟುಸಿರು. ಇನ್ನುಳಿದದ್ದು ಎನಿಡ್‌ಳ ಕೊನೆಯ ಮಾತು, ಆಮೇಲೆ ಹತ್ತು ಸೆಕೆಂಡಿನ ಮೌನ, ನಾಟಕ ಮುಗಿಯಿತು.

“ಏನಾದ್ರೂ ಹೇಳು, ಫ್ಲೋರಾ. ಒಂದೇ ಒಂದು ಸಲ, ಏನಾದ್ರೂ ಹೇಳು.”

ಮೌನ. ಒಂದು, ಎರಡು, ಮೂರು. ಮೋರ್ಕಂಬ್‌ನಲ್ಲಿ ಅಲೆ ಕೇಳಿಸುತ್ತಿದ್ದ ಮೌನವೇ ಇದು, ಥೆಲ್ಮಾ ಕಣ್ಣು ಮುಚ್ಚಿದಳು, ಮತ್ತು ಆಗ ಅವಳ ಒಳಗೆಲ್ಲೋ ತೀರ ಕೆಳಗೆ ಯಾರೋ ಬೀರು ಎಳೆದಂತಾಯಿತು. ಆಮೇಲೆ ಆ ಬೀರು ಮೆಟ್ಟಿಲಿಳಿಯತೊಡಗಿತು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ನಿಲ್ಲಬಹುದೆಂದು ಎಳೆದುಕೊಂಡಳು. ಅದರಿಂದ ಸದ್ದಿಗೆ ಒಂದು ತಿರುವು ಸಿಕ್ಕಿತಷ್ಟೆ. ಇಡೀ ಸೇಬು, ಇಲ್ಲದ ಮೊಟ್ಟೆ, ಇಲ್ಲದ ಎರಡು ತುಂಡು ಬ್ರೆಡ್ಡು ಎಲ್ಲ ಸೇರಿ, ಉದ್ದವಾಗಿ, ನಿಧಾನವಾಗಿ, ಕೊನೆಯಲ್ಲಿ ಪ್ರಶ್ನೆ ಕೇಳುವವರಂತೆ ದನಿಯೇರಿಸಿ, ಊರಿನ ಅತ್ಯಂತ ಸೂಕ್ಷ್ಮವಾದ ಮೈಕಿನೊಳಗೆ ನಿಂತವು.

ಗಾಜಿನಾಚೆ ಇಮೊಜೆನ್‌ಳ ಕೈ ಬಾಯಿಯ ಮೇಲಿತ್ತು. ಥೆಲ್ಮಾ ಡಿಲಿಸ್‌ಳತ್ತ ನೋಡಲಿಲ್ಲ. ನೋಡದೆಯೂ ಕನ್ನಡಿಯಲ್ಲಿನ ಆ ಮುಖ ಕಾಣುತ್ತಿತ್ತು, ಅರ್ಧ ಬಣ್ಣ ಒರೆಸಿದ್ದು. ಇನ್ನು ಮಾತಾಡಬಾರದ ಹೆಂಗಸಿನ ಕೊನೆಯ ಮಾತು. ಅದರ ಮೇಲೆ ತಾನು ಎರಡನೆಯ ಸಲ ಕೂತುಬಿಟ್ಟಿದ್ದಳು, ಮತ್ತು ಈ ಸಲ ಚಮಚವೂ ಬೇಕಾಗಲಿಲ್ಲ.

“ಹಸಿವಾಯ್ತಾ?” ಎಂದಳು ಡಿಲಿಸ್.

ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು. ಎನಿಡ್‌ಳ ಧ್ವನಿ, ಆದರೆ ಇಷ್ಟು ಹೊತ್ತಿನ ಭಾರವೆಲ್ಲ ಇಳಿದು, ದಿನಬೆಳಗಿನ ಧ್ವನಿ. ದೀಪ ಇನ್ನೂ ಹಸಿರೇ ಇತ್ತು.

“ಇರು, ಬ್ರೆಡ್ ಸುಟ್ಟು ತರ್ತೀನಿ.”

ಒಂದು ಕ್ಷಣವೂ ತಡವಿಲ್ಲದೆ ಕೆನ್ ಕುರ್ಚಿಯನ್ನು ನೆಲದ ಮೇಲೆ ಹಿಂದಕ್ಕೆ ಜರುಗಿಸಿ, ಹವಾಯಿ ಚಪ್ಪಲಿಗಳನ್ನು ಕೈಗೆ ಹಾಕಿಕೊಂಡು ನೆಲದ ಮೇಲೆ ನಾಲ್ಕು ಹೆಜ್ಜೆಯ ಸದ್ದು ಮಾಡಿ, ತಟ್ಟೆ ತೆಗೆದು, ಬೆಣ್ಣೆ ಚಾಕುವನ್ನು ಬ್ರೆಡ್ಡಿನ ಮೇಲೆ ಉದ್ದಕ್ಕೆ ಎಳೆದ. ಕರ್ ಎಂದು. ಮತ್ತೊಮ್ಮೆ. ಆಗ ಥೆಲ್ಮಾಳಿಂದ, ಹಳದಿ ಬಣ್ಣ ಬಳಿಯದ, ಮೂಗಿನದೋ ಬಾಯಿಯದೋ ಎಂದು ಯಾರೂ ತೀರ್ಮಾನಿಸದ ಹದಿನೈದನೆಯ ಉಸಿರೊಂದು ಹೊರಬಿತ್ತು. ದೀಪ ಆರಿತು.

ಆಮೇಲೆ ಆದದ್ದೆಲ್ಲ ಅವಳಿಗೆ ನೀರಿನಡಿಯಿಂದ ಕೇಳಿದಂತೆ ಕೇಳಿತು. ಇಮೊಜೆನ್ ಓಡಿ ಬಂದು ಇಬ್ಬರನ್ನೂ ಅಪ್ಪಿಕೊಂಡು ಅತ್ತಳು. ಬರೆದವನಿಗೆ ಫೋನು ಮಾಡಿ ಕೇಳಬೇಕು, ಮೇಲಿನವರು ಏನನ್ನುತ್ತಾರೋ, ಬೇಕಾದರೆ ‘ಒಂದೇ ಒಂದು ಸಲ, ಏನಾದ್ರೂ ಹೇಳು’ ಅನ್ನುವಲ್ಲಿಗೇ ಕತ್ತರಿಸಿ ಮುಗಿಸಬಹುದು, ಹೊಟ್ಟೆಯ ಮುಂಚೆಯೇ, ಡಿಲಿಸ್ ಅವರು ಹೇಗೆ ಹೇಳಿದರೆ ಹಾಗೆ ಎಂದಳು. ಡಿಲಿಸ್ ಕೋಟು ಹಾಕಿಕೊಂಡು, ಎರಡು ಬೆರಳಾಡಿಸಿ, ಲಿಫ್ಟಿನತ್ತ ನಡೆದಳು. ಥೆಲ್ಮಾ ಅವಳ ಹಿಂದೆ ನಡೆದಳು. ಮೆಟ್ಟಿಲಿಂದ ಇಳಿದುಬಿಡುವ ಯೋಚನೆ ಬಂತು, ಮಂಡಿಗಳು ಒಪ್ಪಲಿಲ್ಲ.

ಬಾಗಿಲು ಮುಚ್ಚುತ್ತಿದೆ, ಎಂದಿತು ಅವಳ ಧ್ವನಿ.

“ಡಿಲಿಸ್, ಅದು ನಾನು ಬೇಕಂತ ಮಾಡಿದ್ದಲ್ಲ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ.”

“ಗೊತ್ತು.” ಧ್ವನಿ ಈಗ ಗಾಳಿ ಮಾತ್ರ. ಥೆಲ್ಮಾ ತಲೆ ಬಗ್ಗಿಸಿ ಹತ್ತಿರ ಹೋಗಬೇಕಾಯಿತು. “ಅಷ್ಟು ಚೆನ್ನಾಗಿ ಬೇಕಂತ ಮಾಡೋಕೆ ನಿನ್ನ ಕೈಲಾಗಲ್ಲ.”

ನಾಲ್ಕು. ಮೂರು. ಮೂವತ್ತೆಂಟರ ಥೆಲ್ಮಾ ಮಹಡಿಗಳನ್ನು ಎಣಿಸುತ್ತಿದ್ದಳು, ನಗುನಗುತ್ತ, ಯಾವುದರ ಲೆಕ್ಕವೂ ತನ್ನ ಮೇಲಿಲ್ಲದವಳಂತೆ. ನೆಲಮಹಡಿ ಬಂದರೆ ಬಾಗಿಲು ತೆರೆಯುತ್ತದೆ, ಡಿಲಿಸ್ ಟ್ಯಾಕ್ಸಿ ಹತ್ತುತ್ತಾಳೆ, ಇನ್ನು ಕ್ರಿಸ್ಮಸ್ಸಿಗೆ ಕೆಂಪು ಹಕ್ಕಿ.

“ಚಮಚ ಬೇಕಂತ ಮಾಡಿದ್ದು,” ಎಂದಳು ಥೆಲ್ಮಾ.

ಹೇಳಿದ ಮೇಲೆ ಅದು ಎಷ್ಟು ಚಿಕ್ಕ ವಾಕ್ಯವೆಂದು ಅವಳಿಗೆ ಆಶ್ಚರ್ಯವಾಯಿತು. ಇದಕ್ಕಿಂತ ಉದ್ದವಾದವನ್ನು ಕೋಳಿಯಮ್ಮ ದಿನಕ್ಕೆ ನಲವತ್ತು ಹೇಳುತ್ತಿದ್ದಳು.

“ಅದೂ ಗೊತ್ತು.” ಡಿಲಿಸ್ ಕೊರಳ ಸ್ಕಾರ್ಫನ್ನು ಸರಿಪಡಿಸಿಕೊಂಡಳು. “ಆದ್ರೆ ಅವಸರ ಮಾಡಿದೆ ಕಣೇ. ನಾನು ‘ಅಲ್ವಾ’ ಅನ್ನೋತನಕ ಕಾಯ್ಬೇಕಿತ್ತು. ಆಮೇಲೆ ಕಲಕಿದ್ರೆ ನಗು ಎರಡರಷ್ಟು ಬರ್ತಿತ್ತು. ಕೇಳಿದ್ರೆ ನಾನೇ ಹೇಳ್ತಿದ್ದೆ.”

“ಮತ್ತೆ ಇದಕ್ಕೆ ನನ್ನ ಯಾಕೆ ಕರೆಸಿದೆ? ಬಾಯಿ ಮುಚ್ಚಿಸೋಕಾ?”

“ಮಾತಾಡೋರು ಬೇಕಾದಷ್ಟು ಜನ ಸಿಗ್ತಾರೆ. ನನ್ನ ಮಾತನ್ನ ನಿನ್ನಷ್ಟು ಕಿವಿಗೊಟ್ಟು ಕೇಳಿದೋರು ಇನ್ನೊಬ್ರಿಲ್ಲ. ಕೇಳದೇ ಇದ್ದಿದ್ರೆ ಅಷ್ಟು ಸರಿಯಾದ ಜಾಗಕ್ಕೆ ಚಮಚ ಹಾಕೋಕೆ ಆಗ್ತಿತ್ತಾ? ಅರ್ಧ ಸೆಕೆಂಡ್ ತಪ್ಪಿದೆ, ಅಷ್ಟೇ.” ಉಸಿರು ತೆಗೆದುಕೊಂಡಳು, ಬಾಯಿಯಲ್ಲಿ. “ನಲವತ್ತೊಂದು ವರ್ಷ ಬೇಕಾಯ್ತು ನೋಡು ನಿಂಗೆ. ನಿನ್ನ ಹೊಟ್ಟೆಗೆ ಇರೋ ಧೈರ್ಯ ನಿನಗಿಲ್ಲ.”

ಬಾಗಿಲು ತೆರೆಯುತ್ತಿದೆ, ದಯವಿಟ್ಟು ದಾರಿ ಬಿಡಿ ಎಂದಿತು ಲಿಫ್ಟು. ಹೊರಗೆ ಕಾಯುತ್ತಿದ್ದವರು ದಾರಿ ಬಿಟ್ಟರು. ಡಿಲಿಸ್ ಒಂದು ಹೆಜ್ಜೆ ಮುಂದಿಟ್ಟು, ನಿಂತು, ಮೇಲೆ ಸದ್ದು ಬರುತ್ತಿದ್ದ ಸಣ್ಣ ತೂತುಗಳತ್ತ ಬೆರಳು ತೋರಿಸಿ, ಇವಳ್ಯಾರೇ ವಟವಟ ಅಂತಾಳೆ ಎಂದಳು. ಆಮೇಲೆ ಕೈಸನ್ನೆಯಲ್ಲಿ, ಮಾತು ಮುಗಿದಿದ್ದರಿಂದ, ಬಾಯಿಗೆ ಏನೋ ಹಾಕಿಕೊಂಡು ಅಗಿಯುವಂತೆ ಮಾಡಿ ತೋರಿಸಿದಳು.

ರಸ್ತೆಯಾಚೆಯ ಚಹಾದಂಗಡಿಯಲ್ಲಿ ಥೆಲ್ಮಾ ಎರಡು ಬೆಂದ ಮೊಟ್ಟೆ, ನಾಲ್ಕು ತುಂಡು ಬ್ರೆಡ್ಡು ತಿಂದಳು. ಡಿಲಿಸ್ ಚಹಾ ಕುಡಿದಳು. ಸಕ್ಕರೆ ಹಾಕದ ಚಹಾವನ್ನು ಥೆಲ್ಮಾಳ ಪ್ರತಿ ಮಾತಿನ ಕೊನೆಗೂ ಚಮಚದಿಂದ ಮೂರು ಸುತ್ತು ಕಲಕಿದಳು, ಒಮ್ಮೆಯೂ ಅವಸರ ಮಾಡದೆ. ಪಕ್ಕದ ಮೇಜಿನವರು ಎರಡು ಸಲ ನಕ್ಕರು. ಏಳುವ ಮುಂಚೆ ಡಿಲಿಸ್ ಒಂದು ಕಾಗದದ ಕರವಸ್ತ್ರದ ಮೇಲೆ ಇಮೊಜೆನ್‌ಗೆ ಎರಡು ಪದ ಬರೆದು, ಮಡಿಸಿ, ತಲುಪಿಸೆಂದು ಥೆಲ್ಮಾಳ ಕೈಗೆ ಕೊಟ್ಟಳು. ಥೆಲ್ಮಾ ಅದನ್ನು ಲಿಫ್ಟಿನಲ್ಲಿ ಬಿಚ್ಚಿ ಓದಿದಳು. ‘ಕತ್ತರಿಸಬೇಡ’ ಎಂದು ಒಂದು ಪದ. ಇನ್ನೊಂದು ಸಹಿ.

ನಾಟಕ ಮೇ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಎರಡೂ ಕಾಲಿಗೆ ಪ್ರಸಾರವಾಯಿತು. ಎನಿಡ್ ಆಗಿ ಡಿಲಿಸ್ ಪ್ರೋಥರೊ, ಫ್ಲೋರಾ ಆಗಿ ಥೆಲ್ಮಾ ಪಾಸ್ಕೊ ಎಂದು ಕೊನೆಗೆ ಹೇಳಿದರು. ಹೊಟ್ಟೆಯ ಸದ್ದನ್ನು ತೆಗೆದಿರಲಿಲ್ಲ.